ಗಿರಣಿ ಕ್ಯಾಸೆಟ್ಟಿನ ಕಾಕಾ

ಗಾದಿ ಕಾಕಾನ ಹುಬ್ಬುಗಳಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ತಲೆಗೆ ಎಣ್ಣೆ ಹಚ್ಚಿ, ಬಿಳಿ ಅಂಗಿ ತೊಟ್ಟು ಹಾಡಲು ಕೂತಾಗಲೂ ಎಡ ಹುಬ್ಬಿನ ತುದಿಗೆ ಒಂದು ಎಳೆ ಉಳಿದೇ ಇರುತ್ತಿತ್ತು. ಅವರು ಎಡಗಿವಿಯ ಮೇಲೆ ಅಂಗೈ ಮುಚ್ಚಿ ದನಿ ಎತ್ತಿದರೆ ಆ ಎಳೆ ನಡುಗುತ್ತಿತ್ತು. ಎಷ್ಟೋ ಸಲ ಹಾಡು ಬಿಟ್ಟು ಅದನ್ನೇ ನೋಡುತ್ತ ಕೂತಿದ್ದೇನೆ.

ಅವತ್ತೂ ನೋಡುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಅಲಾವಿ ಹಬ್ಬ ಹತ್ತಿರ ಬಂದಿತ್ತು; ಮೊಹರಂಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಳೆಯ ಗಾದಿಯ ಅರಳೆ ಗಂಟುಕಟ್ಟಿದೆ ಎಂದು ಅವ್ವ ಕಾಕಾನಿಗೆ ಹೇಳಿ ಕಳಿಸಿದ್ದಳು. ಅವರು ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಬಂದು, ಅಂಗಳದಲ್ಲಿ ಗಾದಿ ಬಿಚ್ಚಿ, ಅರಳೆಯನ್ನು ಕೈಯಿಂದ ಹಿಚುಕಿ ನೋಡಿದರು.

“ಅಕ್ಕಾರ, ಈ ಗಾದಿ ಮ್ಯಾಲೆ ಯಾರು ಮಲಗ್ತಾರ್ರಿ? ಒಂದ ಮಗ್ಗಲಕ್ಕ ಅಷ್ಟ ಕುಸದೈತಿ.”

“ಯಾರರ ಮಲಗ್ಲಿ, ನೀವು ಹಿಂಜ್ರಿ,” ಎಂದಳು ಅವ್ವ ಒಲೆಯ ಮುಂದಿನಿಂದಲೇ. “ಅದನ್ನೂ ಎಲ್ಲೆರ ಪದಾ ಮಾಡಿಗೀಡೀರಿ.”

ಕಾಕಾ ನಕ್ಕರು. ಬಿಲ್ಲಿನ ತಂತಿಯನ್ನು ಅರಳೆಗೆ ತಾಗಿಸಿ ಹೊಡೆಯತೊಡಗಿದರು. ಟೊಂಯ್, ಟೊಂಯ್ ಎಂದು ತಂತಿ ಮಿಡಿದಂತೆ ಅರಳೆ ಹೊಗೆಯ ಹಾಗೆ ಮೇಲೆದ್ದು ಅವರ ಮೈಮೇಲೆಲ್ಲ ಇಳಿಯುತ್ತಿತ್ತು. ಆ ಮಿಡಿತದ ಜೊತೆಗೆ ಅವರ ಬಾಯಿಂದ ಒಂದು ಪದ ಹೊರಟಿತು. ಆಗಷ್ಟೇ ಕಟ್ಟಿದ್ದ ಪದ ಅದು.

ಒಂದ ಹೊಲದ ಅರಳಿ, ಒಂದ ಬಿಲ್ಲಿನ ಹೊಡತ,
ಒಂದು ಹೋತು ತೊಟ್ಟಿಲಕ, ಒಂದು ಹೋತು ಮಣ್ಣಿಗಿ,
ನಡುವ ಉಳದದ್ದು ಯಾರಿಗಿ ಹೊದಿಸಿದಿ ಹೇಳೋ?

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಯೂ ಅದೇ ತಾಳಕ್ಕೆ ಬಿದ್ದಿತ್ತು. ನಾನು ಗಿರಣಿಗೆ ಹೋಗಬೇಕಾದವನು ಹೊಸ್ತಿಲ ಮೇಲೆ ಕೂತು ಕೇಳಿದೆ. ಬಿಸಿ ರೊಟ್ಟಿ, ಪುಂಡಿಪಲ್ಲೆ ಉಂಡು, ಗಾದಿ ಹೊಲಿದು ಮುಗಿಸಿ ಕಾಕಾ ಹೊರಟರು. ನಮ್ಮ ಮೇಳದೊಳಗೆ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡದೆ ಕಳೆದ ಕೊನೆಯ ದಿನಗಳಲ್ಲಿ ಅದೊಂದು.

ನಮ್ಮದು ನಾಲ್ಕು ಜನರ ಮೇಳ. ಮುಂದೆ ಹಾಡುವವರು ಕಾಕಾ. ಅವರ ದನಿ ಇಳಿದಲ್ಲಿ ಎತ್ತಿಕೊಳ್ಳುವವನು ನಾನು. ದಪ್ಪು ಬಾರಿಸುವವನು ಅವರ ಅಕ್ಕನ ಮಗ ಮಾಬುಸಾಬ. ತಾಳ ಹಿಡಿಯುವವನು ನಿಂಗಪ್ಪ. ನಿಂಗಪ್ಪ ಒಕ್ಕಲುತನದವನು, ಮಾತಿಗಿಂತ ಮೊದಲೇ ಸಿಟ್ಟು ಬರುತ್ತಿತ್ತು, ತಾಳ ಮಾತ್ರ ಎಂದೂ ತಪ್ಪುತ್ತಿರಲಿಲ್ಲ. ನಾನು ಏಳನೆಯ ಇಯತ್ತೆ ಮುಗಿಸಿ ಅಪ್ಪನ ಹಿಟ್ಟಿನ ಗಿರಣಿ ನೋಡಿಕೊಂಡಿದ್ದೆ. ಶಲವಡಿಗೂ ಅಣ್ಣಿಗೇರಿಗೂ ಹೋಗಿ ಹಾಡಿ ಬರುತ್ತಿದ್ದೆವು. ಅಲಾವಿಯಲ್ಲಿ ರಿವಾಯತ ಪದ, ಉಳಿದ ದಿನಗಳಲ್ಲಿ ಕರೆದವರ ಮನೆಯಲ್ಲಿ ಭಜನೆ.

ನಮ್ಮ ಹಾಡು ಇಂಪಾಗಿತ್ತು ಎಂದು ಯಾರೂ ಹೇಳಿದ್ದಿಲ್ಲ. ಕಾಕಾ ಪ್ರತಿ ನುಡಿಯ, ಅಂದರೆ ಚರಣದ, ಅರ್ಧವನ್ನು ಪಕ್ಕದವನ ಕಿವಿಯಲ್ಲಿ ಹೇಳಿದ ಹಾಗೆ ಮೆಲ್ಲಗೆ ಹಾಡುತ್ತಿದ್ದರು. ಉಳಿದರ್ಧವನ್ನು ಗಂಟಲು ಹರಿಯುವ ಹಾಗೆ ಒದರುತ್ತಿದ್ದರು. ಕುತ್ತಿಗೆಯ ನರ ಬಿಲ್ಲಿನ ತಂತಿಯಂತೆ ಬಿಗಿಯುತ್ತಿತ್ತು. ಮೊದಲ ಸಲ ಕೇಳಿದವರು ಬೆಚ್ಚಿ ಬೀಳುತ್ತಿದ್ದರು, ಎರಡನೆಯ ಸಲ ತಾವೇ ಮುಂದೆ ಬಂದು ಕೂರುತ್ತಿದ್ದರು.

ಹುಬ್ಬಳ್ಳಿಯ ಒಂದು ಕ್ಯಾಸೆಟ್ ಕಂಪನಿಯವರು ನಮ್ಮದೊಂದು ಕ್ಯಾಸೆಟ್ ತಂದಿದ್ದರು. ಟೆಂಪೋಗಳಲ್ಲಿ, ಚಹಾದಂಗಡಿಗಳಲ್ಲಿ, ಟ್ರ್ಯಾಕ್ಟರಿನ ಮೇಲೆ ಕಟ್ಟಿದ ಸ್ಪೀಕರುಗಳಲ್ಲಿ ಕಾಕಾ ಒದರುವುದು ಕೇಳತೊಡಗಿತು. ಮೊದಲು ನಮಗೆ ಹಿಗ್ಗು. ಆಮೇಲೆ ಬೇರೆ ಊರಿನ ಮೇಳಗಳು ಅವೇ ಪದಗಳನ್ನು ಹಾಡುವುದೂ ಕೇಳಿಬಂತು. ರಿವಾಯತ ಪದದ ಕೊನೆಯಲ್ಲಿ ಕಟ್ಟಿದವನ ಊರು, ಗುರು, ಅಂಕಿತ ಬರುತ್ತವೆ. ಸವಾಲಿನ ಪದವಾದರೆ ಅದರ ಜವಾಬೂ ಅಲ್ಲೇ ಇರುತ್ತದೆ. ನಾವು ಅದಕ್ಕೆ ಕಡೀ ನುಡಿ ಎನ್ನುತ್ತಿದ್ದೆವು. ಆ ಮೇಳಗಳು ಕಡೀ ನುಡಿಯಲ್ಲಿ ನಮ್ಮೂರನ್ನು ತೆಗೆದು ತಮ್ಮೂರನ್ನು ಇಟ್ಟು ಹಾಡುತ್ತಿದ್ದವು.

ಅಲ್ಲಿಂದ ಕಾಕಾನಿಗೆ ಸಂಶಯ ಅಂಟಿಕೊಂಡಿತು. ಚಹಾದಂಗಡಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ಕೂರುವರು. ಟೇಪ್ ರೆಕಾರ್ಡರ್ ಕಂಡರೆ ಹೆಗಲ ಮೇಲಿನ ಟವೆಲ್ ತೆಗೆದು ಅದರ ಮೇಲೆ ಹೊದಿಸುವರು. ಅಂಗಡಿಯವನು, “ಕಾಕಾ, ಅದಕ್ಕೇನು ಥಂಡಿ ಆಗೈತೇನ್ರಿ?” ಎಂದು ಕಾಡಿಸುತ್ತಿದ್ದ.

“ಗ್ವಾಡಿಗೆ ಕಿವಿ ಇರೂ ಕಾಲ ಹೋತಪಾ. ಈಗ ಡಬ್ಬಿಗೆ ಬಂದಾವ,” ಎನ್ನುತ್ತಿದ್ದರು.

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುತ್ತಿದ್ದರು: “ಅರಳಿ ಹಿಂಜಿದಷ್ಟೂ ಹಗರ ಆಗ್ತೈತಿ. ಮಾತು ಹಿಂಜಿದಷ್ಟೂ ಭಾರ ಆಗ್ತೈತಿ.” ಹೇಳಿದವರು ತಾವು ಮಾತ್ರ ಅದನ್ನು ಮರೆತುಬಿಡುತ್ತಿದ್ದರು.

ಆ ವರ್ಷದ ಅಲಾವಿಯ ಕೊನೆಯ ದಿನ, ಪಂಜಾಗಳನ್ನು ಹೊತ್ತು ದೇವರು ಕಳಿಸಲು ಹಳ್ಳಕ್ಕೆ ಹೋಗುವ ಮಧ್ಯಾಹ್ನ, ದಂಡೆಯ ಬೇವಿನ ಗಿಡದ ಕೆಳಗೆ ಎರಡು ಮೇಳಗಳು ಎದುರುಬದುರು ಕೂತಿದ್ದವು. ಒಂದು ನಮ್ಮದು, ಇನ್ನೊಂದು ಹಳ್ಳದಾಚೆಯ ಊರಿನವರದು. ನಾವು ನಾಲ್ವರೇ ಕೂತು ಕಲಿತಿದ್ದ ಅರಳೆಯ ಹೊಸ ಪದವನ್ನು ಅವತ್ತೇ ಮೊದಲ ಸಲ ಮಂದಿಯ ಮುಂದೆ ಇಡುವುದೆಂದು ಕಾಕಾ ನಿಶ್ಚಯಿಸಿದ್ದರು. ಎರಡನೆಯ ಕ್ಯಾಸೆಟ್ಟಿಗೂ ಅದೇ ಮುಖ್ಯ ಪದ. ಸರದಿ ಮೊದಲು ಹಳ್ಳದಾಚೆಯವರದಾಗಿತ್ತು. ಅವರ ಮುಂದಿನ ಹಾಡುಗಾರ, ದೊಡ್ಡ ರುಮಾಲಿನವನು, ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಎತ್ತಿದ: ಒಂದ ಹೊಲದ ಅರಳಿ, ಒಂದ ಬಿಲ್ಲಿನ ಹೊಡತ.

ನಿಂಗಪ್ಪನ ಕೈಯಲ್ಲಿನ ತಾಳ ಒಂದಕ್ಕೊಂದು ತಾಗದೆ ನಿಂತವು. ಮಾಬುಸಾಬ ದಪ್ಪು ಕಾಸುತ್ತಿದ್ದವನು ಕೆಂಡದ ಮುಂದೆ ಹಾಗೇ ಕೂತ. ಮೂರು ನುಡಿ ಒಂದಕ್ಷರ ತಪ್ಪದೆ ಹಾಡಿ, ಕೊನೆಗೆ ತಮ್ಮದೇ ಒಂದು ಸಪ್ಪೆ ಕಡೀ ನುಡಿ ಸೇರಿಸಿ ರುಮಾಲಿನವನು ಮುಗಿಸಿದ. ಮಂದಿ ಭಪ್ಪರೇ ಅಂದರು. ಈಗ ನಾವು ಅದನ್ನೇ ಹಾಡಿದರೆ ನಾವೇ ಕದ್ದವರಾಗುತ್ತಿದ್ದೆವು. ಕಾಕಾ ಎದ್ದು ಒಂದು ಹಳೆಯ ಪದ ಹಾಡಿ ಕೂತರು.

ಎರೆಹೊಲದ ದಾರಿ ಹಿಡಿದು ಮರಳಿದೆವು. ಅರ್ಧ ದಾರಿಗೆ ಬಂದಾಗ ಕಾಕಾ ಮುಂದೆ ನೋಡುತ್ತಲೇ ಅಂದರು:

“ಈ ಪದಾ ಗೊತ್ತಿದ್ದವ್ರು ನಾಕ ಮಂದಿ. ನಾಕರಾಗ ನಾ ಒಬ್ಬಾವ.”

ನಿಂಗಪ್ಪ ನಿಂತುಬಿಟ್ಟ. “ಅಂದ್ರ ಏನ್ರಿ ಕಾಕಾ?”

“ಏನಿಲ್ಲೋ. ಲೆಕ್ಕಾ ಹೇಳಿದ್ನಿ.”

“ಲೆಕ್ಕಾ ಬಿಡ್ರಿ. ಹೆಸರು ಹೇಳ್ರಿ.”

ಕಾಕಾ ಹೆಸರು ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತೇನೋ. ಹೇಳದ ಹೆಸರು ಮೂವರ ಬೆನ್ನಿಗೂ ಬಿತ್ತು. ನಿಂಗಪ್ಪನ ತಂಗಿಯನ್ನು ಹಳ್ಳದಾಚೆಯ ಊರಿಗೇ ಕೊಟ್ಟಿತ್ತು. ಮಾಬುಸಾಬ ಹುಬ್ಬಳ್ಳಿಯಿಂದ ಹೊಸ ಟೇಪ್ ರೆಕಾರ್ಡರ್ ತಂದಿದ್ದ, ಅದರಲ್ಲಿ ದನಿ ತುಂಬಿಸಲೂ ಬರುತ್ತಿತ್ತು. ನನ್ನ ಗಿರಣಿಗೆ ಸುತ್ತಲಿನ ಊರುಗಳವರೂ ಆಗಾಗ ಹಿಟ್ಟು ಬೀಸಿಸಲು ಬರುತ್ತಿದ್ದರು. ಹುಡುಕಲು ಹೊರಟರೆ ಎಲ್ಲರಲ್ಲೂ ಒಂದೊಂದು ಕಾರಣ ಸಿಕ್ಕಿತು. ನಿಂಗಪ್ಪ ತಂಗಿಯ ಊರಿಗೆ ಹೋಗಿ ಬಂದನೆಂದರೆ ನಾನು ಅವನ ಮುಖ ನೋಡುತ್ತಿದ್ದೆ. ಗಿರಣಿಯಲ್ಲಿ ನಾನು ಗಿರಾಕಿಗಳ ಜೊತೆ ನಕ್ಕರೆ ಮಾಬುಸಾಬ ನನ್ನ ಮುಖ ನೋಡುತ್ತಿದ್ದ. ಕಾಕಾ ನಮ್ಮ ಮೂವರನ್ನೂ ನೋಡುತ್ತಿದ್ದರು.

ಆದರೂ ಎರಡನೆಯ ಕ್ಯಾಸೆಟ್ ಆಗಲೇಬೇಕಿತ್ತು. ಆ ಪದ ನಮ್ಮದೆಂದು ಹೇಳಲು ಬೇರೆ ದಾರಿ ಇರಲಿಲ್ಲ. ಕಾಕಾ ಒಂದು ಉಪಾಯ ತೆಗೆದರು: ಗಿರಣಿಯಲ್ಲಿ ಕೂತು, ಡೀಸೆಲ್ ಇಂಜಿನ್ ಚಾಲೂ ಇಟ್ಟು, ಅದರ ಸದ್ದಿನಲ್ಲಿ ಹಾಡಿ ಕಲಿಯುವುದು. ಹೊರಗೆ ಯಾರೇ ಕಿವಿಗೊಟ್ಟರೂ ಒಂದು ಶಬ್ದ ತಿಳಿಯಬಾರದು.

ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ನಾನು ಕಲ್ಲಿನ ಪಟ್ಟಾ ಬಿಚ್ಚಿ ಇಂಜಿನ್ನನ್ನು ಬರಿದೇ ಓಡಿಸುತ್ತಿದ್ದೆ. ನೆಲ ನಡುಗುತ್ತಿತ್ತು. ತೊಲೆಯ ಮೇಲಿನ ಹಿಟ್ಟು ಉದುರುತ್ತಿತ್ತು. ಪಕ್ಕದವನಿಗೆ ಕೇಳಬೇಕೆಂದರೂ ಒದರಬೇಕು. ಕಾಕಾನ ಮೆಲುದನಿಯೂ ಒದರಾಟವೇ ಆಯಿತು, ಒದರಾಟ ಇನ್ನೇನೋ ಆಯಿತು. ಹಿಟ್ಟು ಬಿದ್ದು ನಾವು ಬೆಳ್ಳಗೆ, ಅರಳೆ ಅಂಟಿಸಿಕೊಂಡು ಬಂದ ಕಾಕಾ ಮೊದಲೇ ಬೆಳ್ಳಗೆ. ಬಾಗಿಲಲ್ಲಿ ನಿಂತು ಅವ್ವ ಕೂಗುತ್ತಿದ್ದಳು:

“ಎಣ್ಣಿ ಸುಟ್ಟು ಹಾಡ್ತೀರೇನ್ರೋ! ಜ್ವಾಳಾ ಹಾಕಿ ಹಾಡ್ರಿ, ಹಿಟ್ಟರ ಆಗ್ಲಿ!”

ಅರಳೆಯ ಪದದ ಮೂರು ನುಡಿಗಳನ್ನು ತಿದ್ದಿ ತಿದ್ದಿ ಗಟ್ಟಿ ಮಾಡಿಸಿದರು. ಕಡೀ ನುಡಿಗೆ ಬಂದಾಗ ಮಾತ್ರ ಬಾಯಿ ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ, ತುಟಿ ಮಾತ್ರ ಆಡಿಸಿ ಮುಗಿಸುತ್ತಿದ್ದರು.

“ಅದು ನನ್ನ ಹಂತ್ಯಾಕ ಇರ್ಲಿ,” ಎಂದರು ನಾನು ಕೇಳಿದಾಗ. “ಬರೋ ಅಲಾವಿಗೆ ಅವರು ಮತ್ತ ಈ ಪದಾ ಎತ್ಲಿ. ಮಂದಿ ಮುಂದ ಕೇಳ್ತೀನಿ, ಜವಾಬು ಎಲ್ಲೈತಿ ಹೇಳ್ರಪಾ ಅಂತ. ಆವಾಗ ಗೊತ್ತಾಗ್ತೈತಿ ಪದಾ ಯಾರ ಮಗಾ ಅಂತ.”

“ನಮಗರ ಹೇಳ್ರಿ.”

“ಹೇಳ್ತೀನೇಳು,” ಎಂದು ಹುಬ್ಬಿನ ಎಳೆ ತೆಗೆದು ಊದಿಬಿಟ್ಟರು.

ಹುಬ್ಬಳ್ಳಿಗೆ ಹೋದೆವು. ರೆಕಾರ್ಡಿಂಗ್ ಖೋಲಿ ಅಟ್ಟದ ಮೇಲಿತ್ತು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ದಪ್ಪ ಗಾದಿ ಬಡಿದಿದ್ದರು. ಕಾಕಾ ಒಳಗೆ ಹೋಗಿ ಸುತ್ತಲೂ ನೋಡಿ, “ಪದಾ ಏನ್ ಇಲ್ಲಿ ಮಲಗಾಕ ಬಂದೈತೇನು?” ಎಂದರು. ಬಾಗಿಲು ಮುಚ್ಚಿದ ಕೂಡಲೆ ನನಗೆ ನನ್ನ ಉಸಿರು ಕೇಳಿಸಿತು. ಗಾಜಿನ ಆಚೆಗಿದ್ದ ರೆಕಾರ್ಡಿಂಗ್‌ನವರು ಕೈ ಎತ್ತಿದರು. ನಾವು ಎತ್ತಿಕೊಂಡೆವು.

ಮೊದಲನೆಯ ನುಡಿಯಲ್ಲೇ ನಿಂಗಪ್ಪನ ತಾಳ ತಪ್ಪಿತು. ಎಂದೂ ತಪ್ಪದ ತಾಳ. ಮತ್ತೆ ಶುರು ಮಾಡಿದೆವು. ಮಾಬುಸಾಬ ಮುಂದೆ ಓಡಿದ, ನಾನು ಹಿಂದೆ ಉಳಿದೆ, ಕಾಕಾ ನಡುವೆ ನಿಂತು ಇಬ್ಬರನ್ನೂ ದುರುಗುಟ್ಟಿ ನೋಡಿದರು. ಮೇಲಾಗಿ ಎಲ್ಲರೂ ಒದರುತ್ತಿದ್ದೆವು.

ರೆಕಾರ್ಡಿಂಗ್‌ನವರು ಬಾಗಿಲು ತೆರೆದು ಬಂದರು. “ಹಿಂಗ್ಯಾಕ ಓಡ್ತೀರ್ರಿ? ಬಸ್ ತಪ್ಪತೈತೇನು? ಮತ್ತ ನಾ ಇಲ್ಲೇ ಅದೀನಿ, ಒದರಬ್ಯಾಡ್ರಿ. ಮಿಷನ್ನಿನ ಮುಳ್ಳು ಮುರಿತೈತಿ.”

ಕಾಕಾ ನಿಂಗಪ್ಪನತ್ತ ತಿರುಗಿದರು. “ಬೇಕಂತ ಮಾಡಾಕತ್ತೀಯೇನು?”

“ಏನಂದ್ರಿ?”

“ಈ ಕ್ಯಾಸೆಟ್ ಆಗಬಾರದು ಅಂತ ಯಾರರ ಹೇಳ್ಯಾರೇನು ನಿನಗ?”

ನಿಂಗಪ್ಪ ಏಳಲು ಹೊರಟವನನ್ನು ನಾನು ರಟ್ಟೆ ಹಿಡಿದು ಕೂರಿಸಿದೆ. ಆಗ ಮೂಲೆಯಿಂದ ಮಾಬುಸಾಬ ಮೆಲ್ಲಗೆ ಅಂದ:

“ಮಾಮೂ, ಇಂಜಿನ್ ಇಲ್ಲಲ್ಲ.”

ಅದೇ ನಿಜ. ತಿಂಗಳುಗಟ್ಟಲೆ ನಾವು ಇಂಜಿನ್ನಿನ ತಾಳಕ್ಕೆ ಹಾಡಿ ಕಲಿತಿದ್ದೆವು. ಅದಿಲ್ಲದೆ ಯಾರಿಗೂ ಹೆಜ್ಜೆ ಸಿಗುತ್ತಿರಲಿಲ್ಲ. ಕದಿಯಬಾರದೆಂದು ಎಬ್ಬಿಸಿದ ಸದ್ದು ಪದದೊಳಗೇ ಸೇರಿಬಿಟ್ಟಿತ್ತು. ರೆಕಾರ್ಡಿಂಗ್‌ನವರಿಗೆ ವಿಷಯ ತಿಳಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಒಳ್ಳೆಯ ಮನುಷ್ಯರ ಹಾಗೆ, “ಆತು, ಮಿಷನ್ನ ಅಲ್ಲಿಗೆ ತರ್ತೀನಿ,” ಎಂದರು.

ಹಾಗೆ ನಮ್ಮ ಎರಡನೆಯ ಕ್ಯಾಸೆಟ್ ಗಿರಣಿಯಲ್ಲಿ ಆಯಿತು. ರೆಕಾರ್ಡಿಂಗ್‌ನವರು ಬಸ್ಸಿನಲ್ಲಿ ಮಿಷನ್ ತಂದು ಜೋಳದ ಚೀಲದ ಮೇಲೆ ಇಟ್ಟರು. ಕೆಂಪು ದೀಪ ಹತ್ತಿದ್ದನ್ನು ಕಂಡದ್ದೇ ತಡ, ಕಾಕಾ ರೂಢಿಯಂತೆ ಟವೆಲ್ ತೆಗೆದು ಮಿಷನ್ನಿನ ಮೇಲೆ ಹೊದಿಸಿದರು.

“ಅಯ್ಯ ಕಾಕಾ, ನಾ ಬಂದದ್ದ ತುಂಬಕೊಳ್ಳಾಕರೀ!” ಎಂದು ಅವರು ಟವೆಲ್ ತೆಗೆದರು. ನಿಂಗಪ್ಪನೂ ನಕ್ಕ. ಅವನು ಕಾಕಾನ ಎದುರಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಪದಗಳು ಒಂದಾದ ಮೇಲೊಂದು ನಿಲ್ಲದೆ ಬಂದವು. ಅಷ್ಟು ಚೆನ್ನಾಗಿ ನಾವು ಮೊದಲೂ ಹಾಡಿರಲಿಲ್ಲ, ಆಮೇಲೆ ಹಾಡುವ ಪ್ರಸಂಗವೇ ಬರಲಿಲ್ಲ. ಕೊನೆಗೆ ಅರಳೆಯ ಪದ. ಮೂರನೆಯ ನುಡಿಯ ಒದರಾಟ ಮುಗಿದಾಗ ಕಾಕಾ ಉಸಿರೆಳೆದುಕೊಂಡರು. ಕಡೀ ನುಡಿ ಬರುತ್ತದೆ ಎಂದು ಮೂವರೂ ಅವರ ಬಾಯಿ ನೋಡಿದೆವು. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಕಿವಿಯ ಮೇಲಿನ ಅಂಗೈ ಕೆಳಗಿಳಿಸಿದರು. ಇಂಜಿನ್ ಒಂದೇ ಓಡುತ್ತಿತ್ತು. ನಿಂಗಪ್ಪ ಸ್ವಲ್ಪ ಹೊತ್ತು ಕಾದು, ತಾಳಗಳನ್ನು ಬೀಸುವ ಕಲ್ಲಿನ ಮೇಲೆ ಇಟ್ಟ. ಕಿಣ್ ಎಂದ ಆ ಸಪ್ಪಳವೂ ಕ್ಯಾಸೆಟ್ಟಿನಲ್ಲಿ ಸೇರಿತು.

ನಾನು ಇಂಜಿನ್ ಬಂದ್ ಮಾಡಿದೆ.

“ಹಿಂಗ ಮುರದ ಪದಾ ಹೊರಗ ಬಿಡ್ತೀರೇನು?” ಎಂದ ನಿಂಗಪ್ಪ. “ಮನ್ಯಾಗಿನ ಮಂದಿ ಮ್ಯಾಲೆ ನಂಬಿಗಿ ಇಲ್ಲ ಅಂತ ಊರೂರಿಗೆ ಡಂಗುರಾ ಹೊಡದಂಗಾತು.”

“ನಂಬಿಗಿ ಮಾತಲ್ಲೋ ನಿಂಗಪ್ಪ.”

“ಮತ್ತ ಯಾವ ಮಾತ್ರಿ?”

ಕಾಕಾ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡರು. ನಿಂಗಪ್ಪ ತಾಳಗಳನ್ನು ಅಲ್ಲೇ ಬಿಟ್ಟು ಹೋದ.

ಕ್ಯಾಸೆಟ್ ಬಂತು. ಮೇಲಿನ ಕಾಗದದಲ್ಲಿ ನಾಲ್ವರ ಫೋಟೋ ಇತ್ತು. ಅದು ಮೊದಲಿನ ಕ್ಯಾಸೆಟ್ಟಿಗೆ ತೆಗೆದದ್ದು, ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದೆವು. ಕೆಲವರು, ಇದೆಂಥ ಟೇಪು, ಬರೀ ಗುರ್‌ ಗುರ್ ಅಂತೈತಿ ಎಂದು ಅಂಗಡಿಗೆ ತಿರುಗಿ ಒಯ್ದು ಕೊಟ್ಟರು. ಇನ್ನು ಕೆಲವರಿಗೆ ಅದೇ ಸೇರಿತು. ಟ್ರ್ಯಾಕ್ಟರ್ ಹೊಡೆಯುವವರು ಇಂಜಿನ್ನಿಗೆ ಇಂಜಿನ್ ಕೂಡಿಸಿ ಕೇಳುತ್ತಿದ್ದರು. ಎಲ್ಲರೂ ಅದನ್ನು ಗಿರಣಿ ಕ್ಯಾಸೆಟ್ ಎಂದೇ ಕರೆದರು. ಅರಳೆಯ ಪದ ಮುಗಿದಾಗ ಕೇಳುವವರು ಟೇಪ್ ಸಿಕ್ಕಿಕೊಂಡಿತೆಂದು ಡಬ್ಬಿಯನ್ನು ಬಡಿಯುತ್ತಿದ್ದರಂತೆ.

ಹಳ್ಳದಾಚೆಯ ಊರಿನ ಗಿರಣಿ ಕೆಟ್ಟಿದ್ದ ಒಂದು ದಿನ ಅಲ್ಲಿಯ ಹೆಣ್ಣುಮಗಳೊಬ್ಬಳು ಜೋಳ ಹೊತ್ತುಕೊಂಡು ನನ್ನಲ್ಲಿಗೆ ಬಂದಳು. ಪಕ್ಕದ ಚಹಾದಂಗಡಿಯಲ್ಲಿ ನಮ್ಮ ಕ್ಯಾಸೆಟ್ ಹಚ್ಚಿದ್ದರು. ಅರಳೆಯ ಪದ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಈ ಪದಾ ನಮ್ಮ ಅಂಗಳದಾಗ ಹುಟ್ಟಿದ್ದು ನೋಡ್ರಿ.”

ನನ್ನ ಮೈಯೆಲ್ಲ ಕಿವಿಯಾಯಿತು. “ಹೆಂಗವ್ವಾ?”

“ಅಲಾವಿಗಿಂತ ಮೊದಲ ಗಾದಿ ಮಾಡೂ ಕಾಕಾ ಬಂದಿದ್ರಲ್ಲ ನಮ್ಮ ಮನಿಗೆ, ಬಿಲ್ಲು ಹೊಡಕೋತ ದಿನಾಪೂರ್ತಿ ಇದನ್ನ ಹಾಡಿದ್ರು. ನಮ್ಮ ಮನ್ಯಾಗಿನ ಹುಡುಗ್ರಿಗೆಲ್ಲ ಬಾಯಿಪಾಠ ಆತು. ನಮ್ಮ ಭಾವ ಮೇಳದಾಗ ಹಾಡ್ತಾರ, ರುಮಾಲ ಸುತ್ತತಾರಲ್ಲ, ಅವರು ಭಾಳ ಛಲೋ ಐತಿ ಅಂತ ಎತಿಗೊಂಡ್ರು.”

“ಕಡೀ ನುಡಿ? ಅದನ್ನೂ ಹಾಡಿದ್ರೇನು?”

ಅವಳು ನೆನಪು ಮಾಡಿಕೊಂಡಳು. “ಇಲ್ಲರೀ. ಅಲ್ಲಿಗೆ ಬಂದ ಕೂಡ್ಲೆ ಬಾಯಿ ಸುಮ್ಮನಾಗತಿತ್ತು. ಬರೇ ಬಿಲ್ಲು.”

ಹಿಟ್ಟು ಬೀಸಿ ಕೊಟ್ಟು, ಗಿರಣಿ ಮುಚ್ಚಿ, ಕಾಕಾನನ್ನು ಮನೆಗೆ ಕರೆತಂದೆ. ಅಂಗಳದಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ. ಯಾರೋ ಕಲಿಸಿ ಕಳಿಸಿದ್ದಾರೆಂದರು. ಆಮೇಲೆ ಅವ್ವನ ಕಡೆ ತಿರುಗಿದರು.

“ಅಕ್ಕಾರ, ಬಿಲ್ಲು ಹೊಡಿಯೂಮುಂದ ನಾ ಹಾಡ್ತೀನೇನ್ರಿ?”

“ಅಯ್ಯ! ಹಾಡದ ಯಾವತ್ತ ಹೊಡದೀರಿ?” ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈ ಝಾಡಿಸಿ, ಅರಳೆಯ ಪದದ ಮೂರು ನುಡಿಗಳನ್ನೂ ಹೇಳಿ ತೋರಿಸಿದಳು. ಒಂದಕ್ಷರ ತಪ್ಪಲಿಲ್ಲ.

ಕಾಕಾ ತಮ್ಮ ಬಾಯಿಯನ್ನು ಅಂಗೈಯಿಂದ ಒರೆಸಿಕೊಂಡರು. “ನನಗ ಗೊತ್ತ ಇಲ್ಲ,” ಎಂದರು. ಅಂಗಿಗೆ ಅಂಟಿದ ಅರಳೆ ಕೀಳುತ್ತ, “ಅಂದ್ರ ಕಳ್ಳ ನನ್ನ ಅಂಗಿಯೊಳಗ ಇದ್ದ,” ಎಂದರು. ನಗಬಹುದಾದ ಮಾತು. ಯಾರೂ ನಗಲಿಲ್ಲ.

ಅವತ್ತೇ ಅವರು ನಿಂಗಪ್ಪನ ಮನೆಗೆ ಹೋದರು. ಬಿಟ್ಟು ಹೋಗಿದ್ದ ತಾಳಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದರು. ನಾನು ಜೊತೆಗಿದ್ದೆ. ನಿಂಗಪ್ಪ ಎತ್ತುಗಳಿಗೆ ಮೇವು ಹಾಕುತ್ತಿದ್ದವನು ತಿರುಗಿ ನಿಂತು ಎಲ್ಲ ಕೇಳಿದ.

“ನಾ ಕಳ್ಳ ಅಲ್ಲಂತ ಈಗ ಗೊತ್ತಾತು. ಹೌದಿಲ್ರಿ?”

“ಹೌದೋ ತಮ್ಮಾ. ತಪ್ಪು ನಂದು.”

“ಗೊತ್ತಾಗೂ ತನಕ ನಾ ಏನಾಗಿದ್ನಿ?”

ಕಾಕಾ ಟವೆಲ್ ಬಿಚ್ಚಿದರು. ತಾಳಗಳನ್ನು ಕಟ್ಟೆಯ ಮೇಲೆ ಇಟ್ಟರು. “ಮೂರೂ ಮಂದಿ ಒಂದ ಕಡೆ ಕುಂದ್ರಿ. ಕಡೀ ನುಡಿ ಹೇಳ್ತೀನಿ,” ಎಂದರು. ನಿಂಗಪ್ಪ ಮೇವಿನ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದ.

ಅಂದಿನಿಂದ ಕಾಕಾ ಬಿಲ್ಲು ಹೊಡೆಯುವಾಗ ಹಾಡುವುದನ್ನು ಬಿಟ್ಟರು. ತುಟಿ ಬಿಗಿದು ಕೂರುವರು. ಟೊಂಯ್ ಟೊಂಯ್ ಎಂಬ ಸದ್ದಷ್ಟೇ ಕೇಳಿ ಬೇಸರವಾಗಿ ಅವ್ವ ಒಂದು ದಿನ, “ಹಾಡ್ರಿ ಕಾಕಾ, ಯಾರ ಒಯ್ತಾರ?” ಎಂದಳು. ಅವರು ತಲೆ ಅಲ್ಲಾಡಿಸಿದರು. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಇಷ್ಟು ವರ್ಷ ಮೂಗಿನಲ್ಲಿ ಹೋದ ಅರಳೆಯೆಲ್ಲ ಎದೆಯಲ್ಲಿ ಕೂತಿದೆ ಎಂದು ದವಾಖಾನೆಯಲ್ಲಿ ಹೇಳಿದರಂತೆ.

ನಾನು ದಿನಾ ಹೋಗಿ ಕೂರುತ್ತಿದ್ದೆ. ಹೋದ ಕೂಡಲೆ ಕೇಳುತ್ತಿದ್ದರು: “ನಿಂಗಪ್ಪ ಬಂದಾನೇನು?”

ಒಂದು ಮುಂಜಾನೆ ಅವರ ಉಸಿರಾಟ ನೋಡಲಾಗದೆ ಕೇಳಿಬಿಟ್ಟೆ. “ಕಾಕಾ, ನನಗರ ಹೇಳ್ರಿ. ನಾ ಇಬ್ಬರಿಗೂ ಮುಟ್ಟಸ್ತೀನಿ.”

ಅವರು ನನ್ನ ಕೈ ಹಿಡಿದುಕೊಂಡರು. ಬಿಲ್ಲು ಹಿಡಿದು ಗಡುಸಾದ ಅಂಗೈ.

“ಒಬ್ಬನಿಗೆ ಹೇಳಿದ್ರ ಉಳದ ಇಬ್ಬರೂ ಆ ಒಬ್ಬನ್ನ ಸಂಶೆ ಮಾಡ್ತಾರೋ. ನುಡಿ ಬದಲಿ ಮಾಡ್ಯಾನ ಅಂತಾರ, ತನ್ನದ ಸೇರಿಸ್ಯಾನ ಅಂತಾರ. ಆ ಸಂಶೆ ಹೆಂಗ ಇರ್ತೈತಿ ಅಂತ ನನಗ ಗೊತ್ತೈತಿ. ನಿನ್ನ ಮ್ಯಾಲೆ ಅದನ್ನ ಹೊರಸಂಗಿಲ್ಲ. ಮೂರೂ ಮಂದಿ ಬರ್ರಿ.”

ನಾನು ನಿಂಗಪ್ಪನ ಹೊಲಕ್ಕೆ ಹೋಗಿ ಹೇಳಿದೆ. ಅವನು ಕುಂಟೆ ನಿಲ್ಲಿಸಲಿಲ್ಲ. “ನಾಳೆ ನೋಡೂಣು,” ಎಂದ. ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವಾಗ ಮಾಬುಸಾಬ ಬಂದು ನಿಂತ. ಅವನು ಏನೂ ಹೇಳುವ ಮೊದಲೇ ನನಗೆ ತಿಳಿಯಿತು.

ಮಣ್ಣು ಕೊಡುವಾಗ ನಿಂಗಪ್ಪ ಬಂದಿದ್ದ. ಎಲ್ಲರಿಗಿಂತ ಹಿಂದೆ ನಿಂತಿದ್ದು, ಕೊನೆಗೆ ಮುಂದೆ ಬಂದು ಎರೆಮಣ್ಣನ್ನು ಹಿಡಿಯಲ್ಲಿ ಪುಡಿ ಮಾಡಿ ಹಾಕಿದ. ಕಾಕಾನ ಮುಖ ನಾನು ಮೊದಲೇ ನೋಡಿ ಬಂದಿದ್ದೆ. ಮೈ ತೊಳೆದು ಬಿಳಿ ಬಟ್ಟೆ ಹೊದಿಸಿದ್ದರು. ಹುಬ್ಬಿನಲ್ಲಿ ಏನೂ ಇರಲಿಲ್ಲ.

ಮೇಳ ಮತ್ತೆ ಕೂಡಲಿಲ್ಲ. ಡೀಸೆಲ್ ಇಂಜಿನ್ ಹೋಗಿ ಗಿರಣಿಗೆ ಕರೆಂಟಿನ ಮೋಟಾರ್ ಬಂತು, ಅದರಲ್ಲಿ ತಾಳವಿಲ್ಲ, ಬರೀ ಸೀಟಿ. ಎಷ್ಟೋ ವರ್ಷಗಳ ಮೇಲೆ ನಿಂಗಪ್ಪ ಒಮ್ಮೆ ಗಿರಣಿಗೆ ಬಂದು, ಹಿಟ್ಟು ತುಂಬಿಸಿಕೊಂಡು ಹೋಗುವಾಗ ನಿಂತು ಅಂದ: “ನನಗೇನೋ ಅನಸ್ತೈತಿ, ಕಡೀ ನುಡಿ ಕಾಕಾಗೂ ಹೊಳದಿರಲಿಲ್ಲ. ಜವಾಬು ಸಿಗಲಾರದ್ದಕ್ಕ ಮುಚ್ಚಿಟ್ಟಂಗ ಮಾಡಿದ್ರು.” ಹಾಗಿರಲಾರದು ಎಂದೆ. ಅವರ ತುಟಿ ಆಡುವುದನ್ನು ನಾನು ಕಣ್ಣಾರೆ ನೋಡಿದ್ದೆ, ಅಷ್ಟು ಉದ್ದಕ್ಕೂ ಸುಳ್ಳು ತುಟಿ ಆಡಿಸಲು ಬರುವುದಿಲ್ಲ. ನಿಂಗಪ್ಪ ಹಿಟ್ಟಿನ ಚೀಲ ಹೆಗಲಿಗೇರಿಸಿ ಹೋದ. ಅವನು ಹೇಳಿದ ಮೇಲೆ ನನಗೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ಬಂದಾಗ ಕ್ಯಾಸೆಟ್ ತೆಗೆದು ಹಚ್ಚುತ್ತೇನೆ.

ಇಂಜಿನ್ ಓಡುತ್ತದೆ. ಕಾಕಾ ಕೇಳುತ್ತಾರೆ: ನಡುವ ಉಳದದ್ದು ಯಾರಿಗಿ ಹೊದಿಸಿದಿ ಹೇಳೋ? ಮೂರನೆಯ ನುಡಿ ಮುಗಿಯುತ್ತದೆ. ಅವರು ಉಸಿರೆಳೆದುಕೊಂಡದ್ದು ಇಂಜಿನ್ನಿನ ಸದ್ದಿನಲ್ಲೂ ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ನಿಂಗಪ್ಪನ ತಾಳ ಕಲ್ಲಿನ ಮೇಲೆ ಕೂತದ್ದು. ಆಮೇಲೆ ನಾನು ಇಂಜಿನ್ ಬಂದ್ ಮಾಡಿದ್ದು.

ಆ ಪದಕ್ಕೆ ಕಡೀ ನುಡಿ ಇಲ್ಲ.